ಹೀರೋಗೂ ಮೊದಲ ಸಲ

ಶೈಲಜಾ: ಮೇಲೆ ಹಾಕಿರುವ ಲಿಂಕ್ ನೋಡಿದಿರಾ? ಹೀರೋಗೇ ಹೆಣ್ಣಿನ ಜೊತೆ ಕೂಡಿದ ಯಾವ ಅನುಭವವೂ ಇಲ್ಲದ ರೊಮ್ಯಾನ್ಸ್ ಕಾದಂಬರಿಗಳ ಪಟ್ಟಿ. ಅರ್ಧ ಓದಿದ್ದೇನೆ.

ಗಿರೀಶ: ಮೂವತ್ತು ದಾಟಿದ ಡ್ಯೂಕ್, ಕೈತುಂಬ ದುಡ್ಡು, ನೋಡೋಕೆ ಚೆಂದ. ಆದರೂ ಏನೂ ಗೊತ್ತಿಲ್ಲ! ಯಾರ ಕಿವಿಗೆ ಹೂ ಇಡ್ತಾರೆ?

ವಿನುತಾ: ಹೀರೋಯಿನ್‌ಗೆ ಏನೂ ಗೊತ್ತಿಲ್ಲ ಅಂತ ಇಷ್ಟು ವರ್ಷ ಬರೆದಾಗ ಯಾರೂ ಹೀಗೆ ಕೇಳಲಿಲ್ಲ, ಅಲ್ವಾ?

ಗಿರೀಶ: ನಾನು ಓದಿದ್ದರೆ ತಾನೇ ಕೇಳೋದು.

ವಿನುತಾ: ಓದದೇ ವಾದ. ಸರಿ, ಮುಂದುವರಿಸು.

ಶೈಲಜಾ: 1991ರ 'ಔಟ್‌ಲ್ಯಾಂಡರ್' ತಗೋ. ಕ್ಲೇರ್ ಎರಡನೇ ಮಹಾಯುದ್ಧದ ನರ್ಸ್, ಮದುವೆಯಾದವಳು. 1743ರ ಸ್ಕಾಟ್ಲೆಂಡಿಗೆ ಹೋಗಿ ಬೀಳುತ್ತಾಳೆ. ಅಲ್ಲಿ ಸಿಗುವ ಹೀರೋ ಜೇಮಿ ಅವಳಿಗಿಂತ ಚಿಕ್ಕವನು. ಕತ್ತಿ ಹಿಡಿದರೆ ಶೂರ, ಬೆನ್ನ ತುಂಬ ಚಾಟಿ ಏಟಿನ ಗುರುತು. ಆದರೆ ಮುಖಕ್ಕೆ ಮುಖ ಕೊಟ್ಟೂ ಕೂಡಬಹುದು ಅಂತ ಅವನಿಗೆ ಗೊತ್ತಾಗೋದೇ ಮದುವೆ ರಾತ್ರಿ. ಅಲ್ಲಿವರೆಗೆ ಅವನ ಲೆಕ್ಕ ಕುದುರೆಗಳದ್ದು! ಅದನ್ನು ಮುಚ್ಚಿಡದೆ ಅವಳಿಗೇ ಹೇಳಿಬಿಡುತ್ತಾನೆ.

ಗಿರೀಶ: ಹಹಹ, ಕುದುರೆನಾ!

ಮಂಜುಳಾ: ನನ್ನ ತಕರಾರು ಬೇರೆ ಕಣೆ. ಬಹಳ ಪುಸ್ತಕಗಳಲ್ಲಿ ಹತ್ತನೇ ಅಧ್ಯಾಯದವರೆಗೆ ಅವನ ಕೈ ನಡುಗುತ್ತದೆ. ಹನ್ನೊಂದರಲ್ಲಿ ನೋಡಿದರೆ ಸಕಲಕಲಾವಲ್ಲಭ. ಕಲಿತದ್ದು ಯಾವಾಗ?

ವಿನುತಾ: ಅದು ನಿಜ. ಅದಕ್ಕೇ 2019ರ 'ದಿ ಬ್ರೈಡ್ ಟೆಸ್ಟ್' ನನಗಿಷ್ಟ. ಹೀರೋ ಖಾಯ್‌ಗೆ ಆಟಿಸಂ ಇದೆ. ಬರೆದ ಹೆಲೆನ್ ಹ್ವಾಂಗ್ ಅವರಿಗೂ ಇದೆ. ಮೊದಲ ಸಲ ಎಲ್ಲ ಎಡವಟ್ಟು, ಹೀರೋಯಿನ್ ಎಸ್ಮೆಗೆ ಬೇಜಾರು. ಆಮೇಲೆ ಅವನು ಸುಮ್ನೆ ಕೂರಲ್ಲ. ಅಣ್ಣನನ್ನೂ ಕಸಿನ್‌ನನ್ನೂ ಕೇಳಿ ತಿಳ್ಕೋತಾನೆ. ಆ ಕಸಿನ್ ಯಾರು ಗೊತ್ತಾ? ಹಿಂದಿನ ಪುಸ್ತಕದ ಹೀರೋ, ದುಡ್ಡಿಗೆ ಜೊತೆ ಕೊಡುತ್ತಿದ್ದವನು.

ಗಿರೀಶ: ಗಂಡಸರು ಹಾಗೆಲ್ಲ ಕೇಳಲ್ಲ ಕಣೆ. ಎಲ್ಲ ಗೊತ್ತು ಅನ್ನೋ ಹಾಗೆ ಇರ್ತೀವಿ.

ವಿನುತಾ: ಇಷ್ಟು ಹೊತ್ತಲ್ಲಿ ನೀನು ಹೇಳಿದ ಒಂದೇ ನಿಜ ಇದು.

ಮಂಜುಳಾ: ಸರಿ, ಆದರೆ ಇದು ಶೀಲದ ಸರ್ಟಿಫಿಕೇಟ್ ಆಗಬಾರದು. ಮುಟ್ಟದವನೇ ಒಳ್ಳೆಯವನು ಅಂದರೆ ಹೆಣ್ಣಿಗೆ ಹಾಕಿದ ಬೇಲಿಯನ್ನೇ ಗಂಡಿಗೂ ಹಾಕಿದ ಹಾಗಾಯ್ತು.

ಶೈಲಜಾ: ಕೋರ್ಟ್ನಿ ಮಿಲನ್ 2011ರಲ್ಲಿ 'ಅನ್‌ಕ್ಲೇಮ್ಡ್' ಬರೆದದ್ದು ಅದರ ಮೇಲೇ. ಮಾರ್ಕ್ ಗಂಡಸರ ಬ್ರಹ್ಮಚರ್ಯದ ಬಗ್ಗೆ ಪುಸ್ತಕ ಬರೆದು ಹೆಸರಾದವನು. ಆ ಹೆಸರೇ ಅವನಿಗೆ ಕಾಟ. ಅವನನ್ನು ಕೆಡಿಸಲು ಬಂದ ಜೆಸಿಕಾ ವೇಶ್ಯೆಯಾಗಿದ್ದವಳು. ಅವಳನ್ನು ಅವನು ಕೀಳಾಗಿ ನೋಡಲ್ಲ. ನನಗೆ ಮುಖ್ಯ ಅದು.

ಮಂಜುಳಾ: ಹ್ಞೂಂ. ಅದನ್ನು ಓದಿಲ್ಲ.

ಗಿರೀಶ: ಆ ಕುದುರೆ ಪುಸ್ತಕ ಎಷ್ಟು ಪುಟ?

ಶೈಲಜಾ: ಆರುನೂರಕ್ಕಿಂತ ಜಾಸ್ತಿ.

ಗಿರೀಶ: ಮದುವೆ ಯಾವ ಪುಟದಲ್ಲಿ?

ವಿನುತಾ: ಮೊದಲಿಂದ ಓದೋ.