ಪದಚರ್ಚೆ: ಇಂಜಿನ್ ‘ನಾಕಿಂಗ್’ಗೆ ಏನೆನ್ನೋಣ?

ನಮಸ್ಕಾರ. ಬಿಚ್ಚಿ ಹೊಸದಾಗಿ ಕಟ್ಟಿದ ಕಾರ್ ಇಂಜಿನ್‌ನಲ್ಲಿ ಸದ್ದು ಬಂದರೆ ದೋಷ ಪತ್ತೆ ಹಚ್ಚುವ ಗೋಡೆಪಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ನಾಕ್, ಟಿಕ್, ಸ್ಲ್ಯಾಪ್, ರ‍್ಯಾಟಲ್ ಎಂದು ಬಗೆಗಳಿವೆ. ನನ್ನ ಕರಡಿನಲ್ಲಿ ಎಲ್ಲವೂ ‘ಶಬ್ದ’ ಎಂದೇ ಆಗಿಬಿಟ್ಟಿವೆ. ಓದುವವರು ಮೆಕ್ಯಾನಿಕ್‌ಗಳು. ದಯವಿಟ್ಟು ಬೇಗ ತಿಳಿಸಿ.

ಮರುಮಾತು 1
ಮೊದಲು ಸಂಸ್ಕೃತದ ‘ಶಬ್ದ’ ತೆಗೆಯಿರಿ. ‘ಸದ್ದು’ ಕೂಡ ಅದರ ತದ್ಭವವೇ. ‘ಉಲಿ’, ‘ಸಪ್ಪಳ’ ಮನೆಯಲ್ಲೇ ಇರುವಾಗ ಸಾಲವೇಕೆ? ಕುಟ್ಟುಲಿ, ತಟ್ಟುಲಿ, ಬಡಿಯುಲಿ, ನಡುಗುಲಿ. ಮುಗಿಯಿತು.

ಮರುಮಾತು 2
‘ಕುಟ್ಟುಲಿ’ ಯಾವ ಗ್ಯಾರೇಜಿನಲ್ಲೂ ನಡೆಯದು. ‘ನಾಕಿಂಗ್’ ಎಂದೇ ಬಿಡಿ, ಎಲ್ಲರಿಗೂ ಗೊತ್ತು.

ಮರುಮಾತು 3
ಎಲ್ಲರಿಗೂ ಗೊತ್ತು ಎಂದು ಬಿಡುವುದರಲ್ಲೇ ತೊಡಕಿದೆ. ‘ನಾಕಿಂಗ್’ ಎಂದು ಎರಡು ಬೇರೆ ರೋಗಗಳನ್ನು ಕರೆಯುತ್ತೇವೆ. ಏರಿನಲ್ಲಿ ಮೇಲಿನ ಗೇರಿನಲ್ಲೇ ಎಳೆಸಿದಾಗ ಕಿಣಿಕಿಣಿ ಎನ್ನುವುದು ಒಂದು. ಕಿಡಿ ಹೊತ್ತಿದ ಮೇಲೆ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿ ಸಿಡಿಯುವುದರಿಂದ ಬರುತ್ತದೆ. ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಕ್ಷಣ), ಇಂಧನದ ಆಕ್ಟೇನ್ (ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣ) ನೋಡಬೇಕು. ಇನ್ನೊಂದು ಕೆಳಗಿನಿಂದ ಬರುವ ಡಗ್ ಡಗ್. ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸಡಿಲವಿದೆ ಎಂದರ್ಥ. ಹಾಗೇ ಓಡಿಸಿದರೆ ರಾಡ್ ಮುರಿದು ಇಂಜಿನ್ನಿನ ಮುಖ್ಯ ಒಡಲಾದ ಬ್ಲಾಕನ್ನೇ ಒಡೆಯಬಹುದು. ಎರಡಕ್ಕೂ ಒಂದೇ ಪದ ಬರೆದ ಪಟ ಇಂಜಿನ್‌ಗೆ ಅಪಾಯ.

ಕನ್ನಡದ ಅನುಕರಣ ಪದಗಳು ಇಲ್ಲಿ ಇಂಗ್ಲಿಷಿಗಿಂತ ಚುರುಕು. ‘ಇ’ ಬಂದರೆ ಸದ್ದು ಸಣ್ಣ, ಚೂಪು. ‘ಡ’, ‘ಗ’ ಬಂದರೆ ಭಾರ. ಕಟ್ಟಿದ ಇಂಜಿನ್‌ನ ತಲೆಭಾಗದಲ್ಲಿ ಟಿಕ್ ಟಿಕ್ ಎಂದರೆ ವಾಲ್ವ್ ಕಡೆಯದು. ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತುವಾಗ ವಾಲ್ವ್ ತೆರೆಯುವ ಕ್ಯಾಮ್ ಸುತ್ತುವುದು 400. ಹಾಗಾಗಿ ಆ ಟಿಕ್ ಅರ್ಧ ವೇಗದ್ದು. ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ಹೈಡ್ರಾಲಿಕ್ ಟ್ಯಾಪೆಟ್‌ಗೆ ಆಯಿಲ್ ತುಂಬಿದ ಮೇಲೆ ನಿಲ್ಲಲೂಬಹುದು. ತಣ್ಣಗಿರುವಾಗ ಟಪ್ ಟಪ್ ಎಂದು, ಬಿಸಿಯೇರಿದಂತೆ ಅಡಗಿದರೆ ಪಿಸ್ಟನ್ ಬೋರಿನ (ಸಿಲಿಂಡರಿನ ಕೊಳವೆಯ) ಗೋಡೆಗೆ ತಟ್ಟುತ್ತಿದೆ. ಗಲಗಲ ಎಂದರೆ ಟೈಮಿಂಗ್ ಚೈನೋ, ಸಡಿಲವಾದ ತಗಡೋ.

ಪದದ ಪಕ್ಕದಲ್ಲಿ ಜಾಗವನ್ನೂ ಹೊತ್ತನ್ನೂ ಬರೆಯಲೇಬೇಕು. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಬ್ಲಾಕಿಗೊತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗಿಟ್ಟರೆ ಜಾಗ ಸಿಗುತ್ತದೆ. ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ನೋಡಲಿ. ಯಾವುದನ್ನು ನಿಲ್ಲಿಸಿದಾಗ ಡಗ್ ಡಗ್ ಇಳಿಯುತ್ತದೋ ಆ ರಾಡ್ ಮೇಲೆ ಅನುಮಾನ.

ಮರುಮಾತು 1
ಅನುಕರಣ ಪದಗಳು ಸರಿ, ಅವು ನಮ್ಮವೇ. ಆದರೆ ‘ಇಗ್ನಿಷನ್’, ‘ಬೇರಿಂಗ್’ ಒಪ್ಪಿಕೊಂಡು ‘ಉಲಿ’ ಬಿಟ್ಟಿರೇಕೆ?

ಮರುಮಾತು 3
‘ಉಲಿ’ ಎಂದರೆ ಹಕ್ಕಿ ನೆನಪಾಗುತ್ತದೆ, ಬೇರಿಂಗ್ ನೆನಪಾಗುವುದಿಲ್ಲ. ‘ಸಪ್ಪಳ’ ನಡೆಯಬಹುದು, ಆದರೆ ಬಹಳ ಮಂದಿಗೆ ಅದು ಹೆಜ್ಜೆಯದು, ಗೆಜ್ಜೆಯದು. ಬಿಡಿಭಾಗ ಬಂದದ್ದೇ ತನ್ನ ಹೆಸರಿನೊಂದಿಗೆ. ಅಂಗಡಿಯಲ್ಲಿ ಕೇಳುವ ಹೆಸರು ಪಟದಲ್ಲಿರಲಿ. ಸದ್ದು ಕೇಳುವ ಕಿವಿ ನಮ್ಮದು, ಅದಕ್ಕೆ ನಮ್ಮ ಪದ.

ಮರುಮಾತು 2
ಎರಡು ನಾಕಿಂಗ್ ವಿಷಯ ಒಪ್ಪಿದೆ. ‘ಕಿಣಿಕಿಣಿ’ ಎಂದರೆ ಹುಡುಗರಿಗೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ವಂದನೆ. ಮೊದಲ ಸಾಲು ಹೀಗೆ ಹೋಗುತ್ತಿದೆ: ‘ಕೆಳಭಾಗದಲ್ಲಿ ಡಗ್ ಡಗ್ ಕುಟ್ಟುವ ಸದ್ದು: ಕೂಡಲೇ ಇಂಜಿನ್ ನಿಲ್ಲಿಸಿ, ಆಯಿಲ್ ಪ್ರೆಷರ್ ನೋಡಿ, ಬೇರಿಂಗ್ ಬಿಚ್ಚಿ.’

ಮರುಮಾತು 1
‘ಸದ್ದು’ ಉಳಿಸಿಕೊಂಡಿರಿ. ನನ್ನ ಒಪ್ಪಿಗೆ ಇಲ್ಲ.