‘ಪೂರ್ವಾನುಮತಿ’ಯೋ, ‘ಒಪ್ಪಿಗೆ’ಯೋ? ಗಣಿ ಯೋಜನೆಗಳ ಕುರಿತ ಕೈಪಿಡಿಗೆ ಒಂದು ಪದ ಬೇಕಾಗಿದೆ

ಪ್ರಶ್ನೆ:

ಮಾನ್ಯರೇ, ಗಣಿ ಮತ್ತು ಅಣೆಕಟ್ಟು ಯೋಜನೆಗಳಿಂದ ನೆಲ ಕಳೆದುಕೊಳ್ಳುವ ಭಯದಲ್ಲಿರುವ ಸಮುದಾಯಗಳಿಗಾಗಿ ಒಂದು ಕಿರುಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ಅದು ನಾಳಿದ್ದು ಅಚ್ಚಿಗೆ ಹೋಗಬೇಕು. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯು 2007ರಲ್ಲಿ ಅಂಗೀಕರಿಸಿದ ಘೋಷಣೆಯ 10 ಮತ್ತು 32ನೇ ವಿಧಿಗಳಲ್ಲಿ ಬರುವ ‘free, prior and informed consent’ ಎಂಬ ಮುಖ್ಯ ಪರಿಕಲ್ಪನೆಗೆ ನನ್ನ ಕರಡಿನಲ್ಲಿ ‘ಮುಕ್ತ, ಪೂರ್ವಭಾವಿ ಮತ್ತು ಮಾಹಿತಿಯುಕ್ತ ಸಮ್ಮತಿ’ ಎಂದು ಬರೆದಿದ್ದೇನೆ. ಕರಡನ್ನು ಓದಿದವರಿಗೆ ಅದು ಅರ್ಥವಾಗಲಿಲ್ಲ. ‘ಪೂರ್ವಾನುಮತಿ’ ಎಂದು ಸರಳಗೊಳಿಸಿದರೆ ಸಾಕೇ?

ಉತ್ತರ 1:

ಸಾಕು. ‘ಸಮ್ಮತಿ’, ‘ಅನುಮತಿ’ ಎರಡಕ್ಕೂ ‘ಮನ್’ ಧಾತುವೇ ಮೂಲ, ಭೇದವಿರುವುದು ಉಪಸರ್ಗದಲ್ಲಿ ಮಾತ್ರ. ‘ಪೂರ್ವಾನುಮತಿ’ ಕಡತಗಳಲ್ಲಿ ನೆಲೆಯೂರಿರುವ ಪದವಾದ್ದರಿಂದ ಹೊಸದನ್ನು ಟಂಕಿಸುವ ಅಗತ್ಯವಿಲ್ಲ.

ಉತ್ತರ 2:

ಧಾತು ಒಂದೇ ಎಂದಮಾತ್ರಕ್ಕೆ ಪದಗಳು ಒಂದೇ ಆಗುವುದಿಲ್ಲ. ಅನುಮತಿ ಕೊಡುವವರು ಅಧಿಕಾರದಲ್ಲಿರುವವರು, ಬೇಡುವವರು ಅವರಿಗಿಂತ ಕೆಳಗಿರುವವರು. ಗಣಿಗೆ ಅನುಮತಿ ಕೊಡುವುದು ಸರ್ಕಾರ ಎಂಬುದು ಓದುಗರ ಮನಸ್ಸಿನಲ್ಲಿ ಈಗಾಗಲೇ ಅಚ್ಚೊತ್ತಿದೆ. ಆ ಪದವನ್ನೇ ಇಲ್ಲಿಯೂ ಬಳಸಿದರೆ, ಸರ್ಕಾರದ ಆದೇಶ ಬಂದಮೇಲೆ ಊರಿನವರು ಹೇಳುವುದಕ್ಕೆ ಏನೂ ಉಳಿದಿಲ್ಲ ಎಂದು ಕೈಪಿಡಿಯೇ ಕಲಿಸಿದಂತಾಗುತ್ತದೆ.

ಕರಡಿನ ಮೂರು ವಿಶೇಷಣಗಳೂ ಅಪಾಯಕಾರಿ. ‘ಮುಕ್ತ ಸಮ್ಮತಿ’ ಎಂದರೆ ಯಾವ ಷರತ್ತೂ ಇಲ್ಲದ, ಏನು ಮಾಡಿದರೂ ಸರಿ ಎನ್ನುವ ಸಮ್ಮತಿ ಎಂದು ಓದಿಕೊಳ್ಳಲು ಅವಕಾಶವಿದೆ, ಆದರೆ ಇಲ್ಲಿ ಬೇಕಾದ ಅರ್ಥ ಬೆದರಿಕೆ, ಆಮಿಷ, ಬಲವಂತ ಇಲ್ಲದಿರುವುದು. ‘ಪೂರ್ವಭಾವಿ ಸಭೆ’ ಎಂದರೆ ನಿಜವಾದ ಸಭೆಗೆ ಮುಂಚಿನ ಸಿದ್ಧತೆಯ ಸಭೆ. ಹಾಗೆಯೇ ‘ಪೂರ್ವಭಾವಿ ಸಮ್ಮತಿ’ಯು ಇನ್ನೂ ಪೂರ್ತಿಯಾಗದ, ತಾತ್ಕಾಲಿಕವಾದ ಸಮ್ಮತಿಯಂತೆ ಕೇಳಿಸುತ್ತದೆ. ಇನ್ನು ‘ಮಾಹಿತಿಯುಕ್ತ’ ಎಂಬುದು ಮಾಹಿತಿಯನ್ನು ಸಮ್ಮತಿಗೆ ಅಂಟಿಸುತ್ತದೆ. ಮಾಹಿತಿ ಇರಬೇಕಾದದ್ದು ಮನುಷ್ಯರಲ್ಲಿ.

ನನ್ನ ಸಲಹೆ: ‘ಒತ್ತಾಯವಿಲ್ಲದೆ, ಮುಂಚಿತವಾಗಿ, ತಿಳಿದು ಕೊಡುವ ಒಪ್ಪಿಗೆ’. ಇಲ್ಲಿ ‘ಕೊಡುವ’ ಎಂಬುದನ್ನು ದಯವಿಟ್ಟು ‘ಪಡೆಯುವ’ ಎಂದು ತಿದ್ದಬೇಡಿ. ‘ತಿಳಿದು’ ಎಂಬುದನ್ನು ‘ತಿಳಿಸಿ’ ಎಂದೂ ಮಾಡಬೇಡಿ. ‘ತಿಳಿಸಿ ಪಡೆಯುವ ಒಪ್ಪಿಗೆ’ ಎಂದ ಕೂಡಲೇ ವಾಕ್ಯದ ಕರ್ತೃ ಕಂಪನಿಯಾಗುತ್ತದೆ, ಅದು ಬಂದು ಒಂದು ಕಾಗದವನ್ನು ಓದಿಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೂ ಆ ಮಾತು ಸತ್ಯವೇ ಆಗಿಬಿಡುತ್ತದೆ.

‘ಒಪ್ಪು’ ಎಂಬುದು ತಮಿಳು, ತೆಲುಗುಗಳಲ್ಲಿಯೂ ಇರುವ ದ್ರಾವಿಡ ಧಾತು. ಹಳಗನ್ನಡದಲ್ಲಿ ಅದಕ್ಕೆ ಚೆಲುವಾಗಿ ಕಾಣು, ತಕ್ಕುದಾಗಿರು ಎಂಬ ಅರ್ಥಗಳಿವೆ. ನಮಗೆ ಹೊಂದುವುದನ್ನು ನಾವು ಒಪ್ಪುತ್ತೇವೆ, ಹೊಂದದ್ದನ್ನು ಒಪ್ಪುವುದಿಲ್ಲ. ನಿರಾಕರಣೆ ಆ ಪದದೊಳಗೇ ಇದೆ. ಬಾಕ್ಸೈಟ್ ಗಣಿಗಾರಿಕೆಗೆ ಸಂಬಂಧಿಸಿದ ನಿಯಮಗಿರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಾಗ, ಒಡಿಶಾದ ರಾಯಗಡ ಮತ್ತು ಕಾಲಾಹಂಡಿ ಜಿಲ್ಲೆಗಳ 12 ಗ್ರಾಮಸಭೆಗಳೂ ಬೇಡವೆಂದವು. ನಿಯಮಗಿರಿ ಬೆಟ್ಟಗಳ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಆ ದಿನಗಳಲ್ಲಿ ಮಾಡಿದ್ದನ್ನು ‘ಪೂರ್ವಾನುಮತಿಯ ನಿರಾಕರಣೆ’ ಎಂದು ಬರೆದರೆ ಯಾವುದೋ ಕಚೇರಿಯ ಹಿಂಬರಹದಂತೆ ಓದಿಸುತ್ತದೆ. ‘ಅವರು ಒಪ್ಪಲಿಲ್ಲ’ ಎಂದರೆ ನಡೆದದ್ದು ಕಣ್ಣಿಗೆ ಕಟ್ಟುತ್ತದೆ.

ಉತ್ತರ 3:

‘ಒಪ್ಪಿಗೆ’ಯನ್ನು ಆರಿಸಿದ್ದು ಸರಿ, ಆದರೆ ಅರೆಮನಸ್ಸು ಬೇಡ. ‘ಹಕ್ಕು’ ಅರಬಿಯದು, ‘ಜಮೀನು’ ಪಾರಸಿಯದು. ಕನ್ನಡದ ಕೈಪಿಡಿಯಲ್ಲಿ ಅವುಗಳಿಗೆ ಜಾಗವಿಲ್ಲ.

ಉತ್ತರ 2 ಬರೆದವರಿಂದ:

ಇದನ್ನು ಖಂಡಿತ ಒಪ್ಪಲಾರೆ. ನಾನು ‘ಒಪ್ಪಿಗೆ’ಯನ್ನು ಸೂಚಿಸಿದ್ದು ಅದು ಅಚ್ಚಗನ್ನಡ ಎಂಬ ಕಾರಣಕ್ಕಲ್ಲ, ಸಭೆಯಲ್ಲಿ ಎದ್ದುನಿಂತವರು ಬಾಯಿಬಿಟ್ಟು ಹೇಳಬಹುದಾದ ಮಾತು ಎಂಬ ಕಾರಣಕ್ಕೆ. ಅದೇ ಅಳತೆಯಲ್ಲಿ ‘ಹಕ್ಕು’, ‘ಅರ್ಜಿ’, ‘ತಕರಾರು’ ಮೂರೂ ಅರಬಿ ಮೂಲದವಾದರೂ ಉಳಿಯಬೇಕು. ನೆಲ ಕಳೆದುಕೊಳ್ಳುವವರು ಕಚೇರಿಯ ಮೇಜಿನ ಮುಂದೆ ಈ ಪದಗಳನ್ನೇ ಹಿಡಿದು ವಾದಿಸುತ್ತಾರೆ. ಅವನ್ನು ಅವರ ಕೈಯಿಂದ ಕಿತ್ತುಕೊಂಡು ನಿಘಂಟಿನಿಂದ ಹೆಕ್ಕಿದ ಪದವನ್ನು ಕೊಡುವುದು ಉಪಕಾರವಲ್ಲ.

ಇನ್ನೊಂದು ಎಚ್ಚರಿಕೆ: ಕರಡಿನಲ್ಲಿ ಎಲ್ಲಿಯಾದರೂ ‘ಸಮಾಲೋಚನೆ’ಯನ್ನು ‘ಒಪ್ಪಿಗೆ’ಗೆ ಪರ್ಯಾಯವಾಗಿ ಬಳಸಿದ್ದರೆ ತೆಗೆದುಹಾಕಿ. ಸಮಾಲೋಚನೆ ಮುಗಿಸಿಯೂ ಊರಿನವರ ಮಾತನ್ನು ಬದಿಗಿಡಬಹುದು.

ಪ್ರಶ್ನೆ ಕೇಳಿದವರಿಂದ:

ಕೃತಜ್ಞತೆಗಳು. ‘ಒತ್ತಾಯವಿಲ್ಲದೆ, ಮುಂಚಿತವಾಗಿ, ತಿಳಿದು ಕೊಡುವ ಒಪ್ಪಿಗೆ’ ಎಂಬುದನ್ನೇ ತಲೆಬರಹಕ್ಕೆ ಇಟ್ಟಿದ್ದೇನೆ, ‘ಹಕ್ಕು’ ಹಾಗೆಯೇ ಇರುತ್ತದೆ. ‘ಸಮಾಲೋಚನೆ’ ನಾಲ್ಕು ಕಡೆ ಹಾಗೆ ನುಸುಳಿತ್ತು, ನಾಲ್ಕನ್ನೂ ತಿದ್ದಿದೆ.