ಮಾರ್ಚ್‌ನಲ್ಲಿ ಮಷಿನ್ ಕೊಂಡರೆ ಕಂಪನಿಗೆ ತೆರಿಗೆ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಈ ವರ್ಷ ಮೊದಲ ಸಲ ಒಳ್ಳೆ ಲಾಭ ಬಂದಿದೆ. ಮಾರ್ಚ್ ಮುಗಿಯುವುದರೊಳಗೆ 20 ಲಕ್ಷದ ಮಷಿನ್ ಹಾಕಿಸಿದರೆ ತೆರಿಗೆ ಉಳಿಯುತ್ತದೆ ಅಂತಾರೆ. ಯಾರಾದರೂ ಹಾಗೆ ಮಾಡಿದ್ದೀರಾ? ಬೇರೆ ದಾರಿ ಇದ್ದರೂ ತಿಳಿಸಿ.

ಫ್ಯಾಬ್ರಿಕೇಶನ್ ಯೂನಿಟ್ ನಡೆಸುವವರು: ನಾನು ಮಾಡಿದ್ದೆ ಸರ್. ಮಾರ್ಚ್ 28ಕ್ಕೆ ಮಷಿನ್ ಬಂತು. ಬಿಲ್ ಇದ್ದರೆ ಸಾಲದು, ಆ ವರ್ಷವೇ ಓಡಿರಬೇಕು. ಹಾಗಾಗಿ ರಾತ್ರಿಯೆಲ್ಲ ವೈರಿಂಗ್ ಮಾಡಿಸಿ 30ಕ್ಕೆ ಮೊದಲ ಜಾಬ್ ಹಾಕಿದೆವು. ಸಿಕ್ಕಿದ್ದೆಷ್ಟು ನೋಡಿ. ಮಷಿನ್‌ಗೆ ಸವಕಳಿ, ಅಂದರೆ ಸವೆತದ ಲೆಕ್ಕದಲ್ಲಿ ವರ್ಷ ವರ್ಷ ಲಾಭದಿಂದ ಕಳೆಯುವ ಭಾಗ, 15%. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ ಮಾತ್ರ. 20 ಲಕ್ಷಕ್ಕೆ ಒಂದೂವರೆ ಲಕ್ಷ. ನಾವು ಕಂಪನಿಗಳಿಗಿರುವ 22% ತೆರಿಗೆ ದರ ಆರಿಸಿಕೊಂಡವರು, ಸರ್‌ಚಾರ್ಜ್ ಸೆಸ್ ಸೇರಿ 25.168%. ಉಳಿದದ್ದು ಸುಮಾರು 37,750 ರೂಪಾಯಿ! ಏಪ್ರಿಲ್‌ನಲ್ಲಿ ಸಂಬಳ ಕೊಡೋಕೆ ಬ್ಯಾಂಕಲ್ಲಿ ಓವರ್‌ಡ್ರಾಫ್ಟ್ ಸಾಲ ತೆಗೆಯಬೇಕಾಯಿತು. ಮಷಿನ್ ಕೆಲಸಕ್ಕೆ ಬೇಕೇ ಬೇಕು ಅಂದರೆ ಸೆಪ್ಟೆಂಬರ್ ಒಳಗೆ ಓಡಿಸಿ, ಪೂರ್ತಿ ಸವಕಳಿ ಸಿಗುತ್ತದೆ. ತೆರಿಗೆಗೋಸ್ಕರ ಮಾತ್ರ ಬೇಡ.

ಅಂದಹಾಗೆ, ಈ 22% ದರಕ್ಕೆ ಹೋದರೆ ಹೊಸ ಮಷಿನ್‌ಗೆ ಸಿಗುವ ಹೆಚ್ಚುವರಿ ಸವಕಳಿಯಂಥ ರಿಯಾಯಿತಿಗಳನ್ನು ಬಿಡಬೇಕು. ಒಮ್ಮೆ ಆರಿಸಿದ ಮೇಲೆ ವಾಪಸ್ ಬರೋಕೆ ಆಗಲ್ಲ. ಎರಡೂ ಲೆಕ್ಕ ಹಾಕಿಸಿಯೇ ಸಹಿ ಮಾಡಿ.

ಅಕೌಂಟ್ಸ್ ನೋಡುವವರು: ಸರ್ ಹೇಳಿದ್ದು ನಿಜ. ಮಾರ್ಚ್‌ನಲ್ಲಿ ನಾನು ಮೊದಲು ತೆಗೆಯೋದು ನಾವು ದುಡ್ಡು ಕೊಡಬೇಕಾದವರ ಪಟ್ಟಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸೂಕ್ಷ್ಮ, ಸಣ್ಣ ತಯಾರಕರಿಗೆ 15 ದಿನದೊಳಗೆ ಕೊಡಬೇಕು; ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ. ಗಡುವು ದಾಟಿಯೂ ಮಾರ್ಚ್ 31ಕ್ಕೆ ಬಾಕಿ ಇದ್ದರೆ ಆ ಖರ್ಚು ಈ ವರ್ಷಕ್ಕೆ ಲೆಕ್ಕವಿಲ್ಲ, ದುಡ್ಡು ಕೊಟ್ಟ ವರ್ಷಕ್ಕೇ. ನಮ್ಮಲ್ಲಿ ಜನವರಿಯ 6 ಲಕ್ಷದ ಒಂದು ಬಿಲ್ ಸಹಿಗೆ ಕಾಯುತ್ತಾ ಫೈಲಲ್ಲೇ ಉಳಿಯಿತು. ಆ ವರ್ಷ ಒಂದೂವರೆ ಲಕ್ಷ ತೆರಿಗೆ ಜಾಸ್ತಿ ಬಿತ್ತು. ಪಾಪ, ಆ ಸಪ್ಲೈಯರ್ ಎರಡು ಸಲ ಬಂದು ಕೇಳಿ ಹೋಗಿದ್ದರು. ನನಗೆ ಈಗಲೂ ಬೇಜಾರಿದೆ.

ಇನ್ನೊಬ್ಬರು: ಮೊದಲ ಸಲ ಲಾಭ ಅಂದಿರಿ, ಅಂದರೆ ಹಿಂದೆ ನಷ್ಟ ಇತ್ತು ಅಲ್ವಾ? ವ್ಯಾಪಾರದ ನಷ್ಟವನ್ನು 8 ವರ್ಷದವರೆಗೆ ಮುಂದೆ ತಂದು ಲಾಭದಲ್ಲಿ ಕಳೆಯಬಹುದು. ಆದರೆ ನಷ್ಟವಾದ ವರ್ಷದ ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ನಷ್ಟ ತಾನೇ, ನಿಧಾನವಾಗಿ ಹಾಕಿದರಾಯಿತು ಅಂತ ನಾವು ಸುಮ್ನೆ ಕೂತು 11 ಲಕ್ಷದ ನಷ್ಟ ಕಳೆದುಕೊಂಡೆವು. ಲಾಭ ಸಾಲದೆ ಕಳೆಯಲಾಗದೇ ಇದ್ದ ಹಳೇ ಸವಕಳಿ ಮಾತ್ರ ಉಳಿಯಿತು, ಅದಕ್ಕೆ ವರ್ಷದ ಮಿತಿ ಇಲ್ಲ. ಮಷಿನ್ ಆರ್ಡರ್ ಕೊಡುವ ಮೊದಲು ಹಳೇ ರಿಟರ್ನ್‌ಗಳನ್ನು ತೆಗೆದು, ಯಾವ ದಿನ ಹಾಕಿದ್ದೀರಿ ನೋಡಿ.